ತಿರುವಿಗೊಂದು ಹೆಸರು: ಮ್ಯಾರಥಾನ್‌ನಲ್ಲಿ ದಾರಿ ತಪ್ಪಿದರೆ ಹೊಣೆ ಯಾರದು?

ರಸ್ತೆ ಓಟಗಳಿಗೆ ರೂಟ್ ಹಾಕುವುದು, ಓಟದ ದಿನ ಅದನ್ನು ಕಾಯುವುದು ನನ್ನ ಕೆಲಸ. ಓಟಗಾರರು ದಾರಿ ತಪ್ಪಿದ ಸುದ್ದಿ ಬಂದಾಗಲೆಲ್ಲ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗುತ್ತವೆ. ಫಲಿತಾಂಶ ಏನಾಗಬೇಕು ಎಂಬುದು ಒಂದು, ತಪ್ಪು ಯಾರ ತಲೆಗೆ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್‌ನ ನಿಯಮಗಳಲ್ಲಿ ನೇರ ಉತ್ತರವಿದೆ. ಓಟಗಾರ ಗುರುತು ಮಾಡಿದ ಮಾರ್ಗ ಬಿಟ್ಟು, ಅದರಿಂದ ಓಡಬೇಕಾದ ದೂರ ಕಡಿಮೆಯಾದರೆ ರೆಫರಿ ಅವನನ್ನು ಅನರ್ಹಗೊಳಿಸುತ್ತಾರೆ. ಕೈ ತೋರಿಸಿ ಕಳಿಸಿದ್ದು ಯಾರು ಎಂಬ ವಿಚಾರಣೆ ಆ ಸಾಲಿನಲ್ಲಿಲ್ಲ. 2021ರಲ್ಲಿ ಅಮೆರಿಕದ ಕ್ವಾಡ್ ಸಿಟೀಸ್ ಮ್ಯಾರಥಾನ್‌ನಲ್ಲಿ ಮುಂಚೂಣಿಯಲ್ಲಿದ್ದ ಇಬ್ಬರು ಕೀನ್ಯಾ ಓಟಗಾರರು ದಾರಿ ತೋರಿಸುತ್ತಿದ್ದ ಸ್ವಯಂಸೇವಕರ ಸೈಕಲ್ ಹಿಂದೆ ಹೋಗಿ ತಿರುವು ತಪ್ಪಿಸಿಕೊಂಡರು. ಇಬ್ಬರೂ ಅನರ್ಹರಾದರು, ಹಿಂದಿದ್ದ ಟೈಲರ್ ಪೆನ್ಸ್ ಗೆದ್ದರು. ಕಟುವೆನಿಸಿದರೂ ಫಲಿತಾಂಶದ ಮಟ್ಟಿಗೆ ಅದು ಸರಿ. 42.195 ಕಿ.ಮೀ. ಓಡದವರಿಗೆ ಮ್ಯಾರಥಾನ್ ಸಮಯ ಬರೆದುಕೊಡಲಾಗದು. ದೂರ ಜಾಸ್ತಿಯಾದವರಿಗೆ ಅನರ್ಹತೆ ಇಲ್ಲ, ಆದರೆ ಪರಿಹಾರವೂ ಇಲ್ಲ. ಕಳೆದುಹೋದ ಸಮಯವನ್ನು ಅಂದಾಜು ಮಾಡಿ ವಜಾ ಹಾಕಿಕೊಡುವ ಪದ್ಧತಿಯೇ ಇಲ್ಲ. 2017ರ ವೆನಿಸ್ ಮ್ಯಾರಥಾನ್‌ನಲ್ಲಿ ಮುಂದಿದ್ದ ಗುಂಪು 25 ಕಿ.ಮೀ. ಆಸುಪಾಸಿನಲ್ಲಿ ಮೋಟಾರ್‌ಸೈಕಲ್ ಹಿಂದೆ ಹೋಗಿ ವಾಪಸ್ ಬರುವಷ್ಟರಲ್ಲಿ ಸುಮಾರು ಎರಡು ನಿಮಿಷ ಹೋಗಿತ್ತು. ಹಿಂದಿನಿಂದ ಬಂದ ಎಯೋಬ್ ಫಾನಿಯಲ್ ಗೆದ್ದರು, ಫಲಿತಾಂಶ ಹಾಗೇ ನಿಂತಿತು.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಬೇರೆ. ಬಂದ್ ಮಾಡಿದ ನಗರದ ರಸ್ತೆಯಲ್ಲಿ ಹೊಣೆ ಆಯೋಜಕರದು. ಆಯೋಜಕರ ಪೈಕಿ, ಆ ತಿರುವಿನ ಎದುರು ಯಾರ ಹೆಸರು ಬರೆದಿದೆಯೋ ಅವರದು. ಹೆಸರೇ ಬರೆದಿಲ್ಲದಿದ್ದರೆ ರೂಟ್ ಉಸ್ತುವಾರಿಯದು. ಎಂಟ್ರಿ ಫಾರಂನಲ್ಲಿ ‘ಮಾರ್ಗ ತಿಳಿದುಕೊಂಡಿರುವುದು ಓಟಗಾರನ ಜವಾಬ್ದಾರಿ’ ಎಂಬ ಸಾಲು ಇದ್ದೇ ಇರುತ್ತದೆ. ಕಾಡುದಾರಿಯ ಓಟಕ್ಕೆ ಅದು ಒಪ್ಪುವ ಮಾತು, ನಗರದ ಓಟಕ್ಕೆ ಬರೀ ನುಣುಚಿಕೊಳ್ಳುವ ದಾರಿ. ಏದುಸಿರು ಬಿಡುತ್ತ, ಕತ್ತಲಲ್ಲಿ, ನೂರಾರು ಜನರ ಬೆನ್ನು ನೋಡುತ್ತ ಓಡುವವರು ಮ್ಯಾಪ್ ನೆನಪಿಸಿಕೊಳ್ಳುವುದಿಲ್ಲ, ಮುಂದಿನವರನ್ನು ಹಿಂಬಾಲಿಸುತ್ತಾರೆ. 2013ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನಲ್ಲಿ ನಡೆದ ಮ್ಯಾರಥಾನ್ ಆಫ್ ದ ನಾರ್ತ್‌ನಲ್ಲಿ ಮೊದಲ ಸ್ಥಾನದಲ್ಲಿದ್ದವರೊಬ್ಬರೇ ಸರಿ ದಾರಿಯಲ್ಲಿ ಹೋದರು. ಎರಡನೆಯವರಿಂದ ಆಚೆ ಸುಮಾರು 5,000 ಜನ ತಪ್ಪು ದಾರಿಗೆ ಬಿದ್ದು 264 ಮೀಟರ್ ಕಡಿಮೆ ಓಡಿದರು. ಪೂರ್ತಿ ಮ್ಯಾರಥಾನ್ ಓಡಿದವರು ಗೆದ್ದವರೊಬ್ಬರೇ.

ಹಾಗಾಗಿ ನನ್ನ ಕೆಲಸ ಶುರುವಾಗುವುದು ತಿರುವಿನ ಪಟ್ಟಿಯಿಂದ. ಮಾರ್ಗದ ಪ್ರತಿ ತಿರುವು, ಪ್ರತಿ ಯು ಟರ್ನ್, ಹೋಗಬಾರದ ಪ್ರತಿ ಅಡ್ಡರಸ್ತೆಯ ಬಾಯಿ, ಎಲ್ಲಕ್ಕೂ ನಂಬರ್. ಒಂದು ನಂಬರ್‌ಗೆ ಒಂದು ಸಾಲು: ಯಾವ ಕಡೆ, ಎಷ್ಟು ಕೋನ್, ಎಷ್ಟು ಬ್ಯಾರಿಕೇಡ್, ಎಷ್ಟು ಮಾರ್ಷಲ್ (ನಿಂತು ದಾರಿ ತೋರಿಸುವವರು), ಮೊದಲ ಓಟಗಾರ ಬರುವ ಸಮಯ, ಕೊನೆಯವರು ದಾಟುವ ಸಮಯ, ಹತ್ತಿರದ ಕಂಬದ ನಂಬರ್. ಕೊನೆಯ ಕಾಲಂ ‘ಹೊಣೆ’. ಅಲ್ಲಿ ಒಂದೇ ಹೆಸರು, ಒಂದೇ ಫೋನ್ ನಂಬರ್. ಎರಡು ಹೆಸರು ಬರೆದರೆ ಅವನು ನೋಡಿಕೊಳ್ಳುತ್ತಾನೆ ಎಂದು ಇವನು, ಇವನಿದ್ದಾನಲ್ಲ ಎಂದು ಅವನು. ‘ಏಜೆನ್ಸಿ’, ‘ಪೊಲೀಸ್’ ಎಂದು ಬರೆಯಲು ಬಿಡುವುದಿಲ್ಲ. ಐದು ಕಿ.ಮೀ.ಗೊಬ್ಬ ಸೆಕ್ಷನ್ ಲೀಡರ್, ಅವರ ಕೈಯಲ್ಲಿ ತಮ್ಮ ಪಾಲಿನ ಹಾಳೆ ಮಾತ್ರ. ಇಡೀ ಪಟ್ಟಿ ಕೊಟ್ಟರೆ ಯಾರೂ ಓದುವುದಿಲ್ಲ.

ಅಳತೆಯ ತಪ್ಪನ್ನು ದಾರಿ ತಪ್ಪಿದ್ದರ ಜೊತೆ ಸೇರಿಸಬಾರದು. ಗ್ರೇಟರ್ ಮ್ಯಾಂಚೆಸ್ಟರ್ ಮ್ಯಾರಥಾನ್ 2013, 2014, 2015 ಮೂರೂ ವರ್ಷ 380 ಮೀಟರ್ ಕಡಿಮೆ ಇತ್ತು. ಅಲ್ಲಿ ಯಾರೂ ದಾರಿ ತಪ್ಪಿರಲಿಲ್ಲ, ರೂಟೇ ಗಿಡ್ಡ. ಅಳತೆ ಮಾಡುವುದು ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ (ಚಕ್ರದ ಸುತ್ತು ಎಣಿಸುವ ಸಾಧನ) ಕೂರಿಸಿದ ಸೈಕಲ್‌ನಲ್ಲಿ. ಸ್ಟೀಲ್ ಟೇಪಿನಿಂದ ಅಳೆದ ನೇರ ರಸ್ತೆಯಲ್ಲಿ ಮೊದಲು ನಾಲ್ಕು ಸಲ, ಅಳತೆ ಮುಗಿದ ಮೇಲೆ ಮತ್ತೆ ನಾಲ್ಕು ಸಲ ಓಡಿಸಿ ಅದನ್ನು ತಾಳೆ ನೋಡುತ್ತಾರೆ. ಬಿಸಿಲೇರಿದಂತೆ ಟಯರಿನ ಗಾಳಿಯೂ ಏರುವುದರಿಂದ ಎರಡೂ ಬೇಕು. ತಿರುವಿನಲ್ಲಿ ಅಂಚಿನಿಂದ 30 ಸೆಂ.ಮೀ. ಬಿಟ್ಟು ಅತಿ ಹತ್ತಿರದ ದಾರಿ ಹಿಡಿಯಬೇಕು, ಮೇಲೆ ಕಿಲೋಮೀಟರಿಗೆ ಒಂದು ಮೀಟರ್ ಸೇರಿಸಬೇಕು. ಆದ್ದರಿಂದ ಸರ್ಟಿಫೈಡ್ ರೂಟ್‌ನಲ್ಲಿ ನಿಮ್ಮ ವಾಚ್ 42.6 ತೋರಿಸಿದರೆ ಗಾಬರಿ ಬೇಡ. ನೀವು ಒಳ ಅಂಚು ಹಿಡಿದು ಓಡಿಲ್ಲ ಅಷ್ಟೇ. ಅಳತೆಗಾರ ಗುರುತು ಮಾಡಿದ ಯು ಟರ್ನ್ ಜಾಗದಲ್ಲಿ ನಾನು ಟಾರಿಗೆ ಮೊಳೆ ಹೊಡೆಸಿ, ಎರಡು ಶಾಶ್ವತ ವಸ್ತುಗಳಿಂದ ದೂರ ಬರೆದಿಡುತ್ತೇನೆ. ಕೋನ್ ಇಡುವವರು ‘ಇಲ್ಲೇ ಎಲ್ಲೋ’ ಎಂದು ಇಟ್ಟು 50 ಮೀಟರ್ ಸರಿದರೆ ರೂಟ್ 100 ಮೀಟರ್ ಬದಲಾಗುತ್ತದೆ.

ಇನ್ನು ಗುರುತು. ತಿರುವಿಗೆ 50 ಮೀಟರ್ ಮೊದಲೊಂದು ಬಾಣ, ತಿರುವಿನಲ್ಲೊಂದು, ತಿರುಗಿದ ಮೇಲೆ 30 ಮೀಟರಿಗೆ ‘ಸರಿ ಬಂದಿದ್ದೀರಿ’ ಎನ್ನುವ ಇನ್ನೊಂದು. ಈ ಮೂರನೆಯದನ್ನು ಖರ್ಚು ಉಳಿಸಲು ಬಿಡುವವರೇ ಹೆಚ್ಚು, ಅನುಮಾನ ಬಂದ ಓಟಗಾರ ನಿಲ್ಲುವುದು ಅಲ್ಲೇ. ಬೋರ್ಡಿನ ಕೆಳ ಅಂಚು ತಲೆಯಿಂದ ಮೇಲಿರಬೇಕು. ಸೊಂಟದ ಎತ್ತರದಲ್ಲಿದ್ದರೆ ಮೊದಲ ಇಪ್ಪತ್ತು ಜನರ ಹಿಂದೆ ಯಾರಿಗೂ ಕಾಣುವುದಿಲ್ಲ. ರಂಗೋಲಿ ಪುಡಿ, ಸುಣ್ಣದ ಬಾಣವನ್ನು ನೆಚ್ಚಿಕೊಳ್ಳಬೇಡಿ. ಒಂದು ಹನಿ ಮಳೆ ಸಾಕು, ಇಲ್ಲವೇ ಬೆಳಗಿನ ಜಾವ ಪೌರಕಾರ್ಮಿಕರು ತಮ್ಮ ಕೆಲಸವನ್ನು ಚೊಕ್ಕವಾಗಿ ಮಾಡಿ ಗುಡಿಸಿರುತ್ತಾರೆ. ತಿರುವಿನ ಹೊರಬದಿಯಲ್ಲಿ ಕೋನ್‌ಗಳ ನಡುವೆ ಎರಡು ಮೀಟರ್, ನೇರದಲ್ಲಿ ಹತ್ತು. ತಪ್ಪು ರಸ್ತೆಯ ಬಾಯಿಗೆ ಟೇಪ್ ಮಾತ್ರ ಕಟ್ಟಿದರೆ ಮೊದಲು ಬಂದ ಹಾಲಿನ ವ್ಯಾನಿನವರು ಬಿಚ್ಚುತ್ತಾರೆ, ಅದನ್ನು ಮತ್ತೆ ಕಟ್ಟಲು ಯಾರೂ ಇರುವುದಿಲ್ಲ.

ಮಾರ್ಷಲ್‌ಗಳ ವಿಷಯಕ್ಕೇ ಹೆಚ್ಚು ಸಮಯ ಕೊಡಬೇಕು. ಬಹುತೇಕ ಎನ್‌ಎಸ್‌ಎಸ್, ಎನ್‌ಸಿಸಿ ಹುಡುಗರು, ಹುಡುಗಿಯರು. ಅವರು ತಪ್ಪು ಮಾಡುವುದು ಸೋಮಾರಿತನದಿಂದಲ್ಲ, ಯಾರೂ ಹೇಳಿಕೊಡದೆ. ಓಟಗಾರರಿಗೆ ಎದುರಾಗಿ ನಿಂತವರ ಎಡ ಓಟಗಾರರ ಬಲ. ‘ಲೆಫ್ಟ್, ಲೆಫ್ಟ್’ ಎಂದು ಕೂಗಿದರೆ ಅನಾಹುತ. ಬಾಯಲ್ಲಿ ದಿಕ್ಕು ಹೇಳಬೇಡಿ, ಪೂರ್ತಿ ತೋಳು ಚಾಚಿ ತೋರಿಸಿ ಎಂದು ಹೇಳಿಕೊಡುತ್ತೇನೆ. ನಿಲ್ಲುವ ಜಾಗ ಅದಕ್ಕಿಂತ ಮುಖ್ಯ: ಸರಿ ದಾರಿಯ ಮೂಲೆಯಲ್ಲಲ್ಲ, ತಪ್ಪು ದಾರಿಯ ನಡುಮಧ್ಯದಲ್ಲಿ. ಮೈಯೇ ಅಡ್ಡವಾದರೆ ಬೋರ್ಡ್ ಬಿದ್ದರೂ ತೊಂದರೆ ಇಲ್ಲ. ಎಂಟು ಗಂಟೆ ಹೊತ್ತಿಗೆ ಹಸಿವಾಗುತ್ತದೆ, ಹುಡುಗರು ಇಡ್ಲಿ ಹುಡುಕಿಕೊಂಡು ಹೋಗುತ್ತಾರೆ. ಐದು ತಾಸು ತೆಗೆದುಕೊಂಡು ನಿಧಾನವಾಗಿ ಓಡುವವರು ದಾರಿ ತಪ್ಪುವುದು ಆಗಲೇ. ತಿಂಡಿಯನ್ನು ತಿರುವಿಗೇ ತಲುಪಿಸುವ ಬೈಕನ್ನು ರೂಟ್ ಬಜೆಟ್‌ನಲ್ಲಿ ಸೇರಿಸಿ. ಟ್ರಾಫಿಕ್ ಪೊಲೀಸರಿಗೆ ಅವರ ಜಂಕ್ಷನ್ನಿನ ಚಿತ್ರವಿರುವ ಒಂದು ಹಾಳೆ, ಕನ್ನಡದಲ್ಲಿ, ಓಟದ ದಿನ ಅಲ್ಲಿ ನಿಲ್ಲುವ ಕಾನ್‌ಸ್ಟೇಬಲ್ ಕೈಗೇ ತಲುಪಬೇಕು. ಠಾಣೆಗೆ ಕೊಟ್ಟ ಪತ್ರ ಜಂಕ್ಷನ್ನಿಗೆ ಬರುವುದಿಲ್ಲ. ಡ್ಯೂಟಿ ಬದಲಾದಾಗ ಹೊಸಬರು ಬ್ಯಾರಿಕೇಡ್ ಸರಿಸಿ ವಾಹನ ಬಿಟ್ಟರೆ ಅದು ಅವರ ತಪ್ಪಲ್ಲ.

ಬೆಂಗಳೂರಿನಂಥ ಊರಲ್ಲಿ ಫುಲ್, ಹಾಫ್, 10ಕೆ ಮೂರನ್ನೂ ಒಂದೇ ರಸ್ತೆಗೆ ತುಂಬುತ್ತಾರೆ. ಅವು ಕವಲೊಡೆಯುವ ಜಾಗವೇ ಅತಿ ಅಪಾಯದ್ದು. ಅಲ್ಲಿ ಮೂರು ಸೂಚನೆ ಒಟ್ಟಿಗೆ ಬೇಕು: ಬಿಬ್ (ಓಟಗಾರರ ಎದೆಯ ಮೇಲಿನ ನಂಬರ್ ಚೀಟಿ) ಬಣ್ಣದ್ದೇ ಬೋರ್ಡ್ ತಲೆ ಮೇಲೆ, ನೂರು ಮೀಟರ್ ಮೊದಲೇ ಲೇನ್ ಬೇರ್ಪಡಿಸುವ ಕೋನ್ ಸಾಲು, ಮೆಗಾಫೋನಿನಲ್ಲಿ ಬಣ್ಣ ಕೂಗುವ ಒಬ್ಬರು. ನೀರಿನ ಸ್ಟೇಷನ್ ಅದರ ಹತ್ತಿರ ಬೇಡ. ಲೋಟಕ್ಕೆ ಕೈ ಚಾಚುವವರು ಬೋರ್ಡ್ ನೋಡುವುದಿಲ್ಲ.

ಎಲ್ಲಕ್ಕಿಂತ ದುಬಾರಿ ತಪ್ಪು ಪೈಲಟ್ ವಾಹನದ್ದು, ಅಂದರೆ ಓಟಗಾರರ ಮುಂದೆ ದಾರಿ ತೋರಿಸುತ್ತ ಹೋಗುವ ವಾಹನದ್ದು. 2015ರಲ್ಲಿ ಬೆಂಗಳೂರು ಮ್ಯಾರಥಾನ್‌ನ ಹಾಫ್ ಓಟದಲ್ಲಿ ಮುಂದಿದ್ದವರನ್ನು ಪೈಲಟ್ ವಾಹನವೇ ಬೇರೆ ದಾರಿಗೆ ಒಯ್ದಿತ್ತು. 2019ರಲ್ಲಿ ಬೆಲ್‌ಫಾಸ್ಟ್ ಮ್ಯಾರಥಾನ್ ಸುಮಾರು 460 ಮೀಟರ್ ಉದ್ದವಾದದ್ದು ಮುಂದಿನ ಕಾರು ಮಾರ್ಗ ಬಿಟ್ಟಿದ್ದರಿಂದ. ಪೈಲಟ್ ಆಗಿ ಬೈಕ್ ಚೆನ್ನಾಗಿ ಓಡಿಸುವವರಲ್ಲ, ರೂಟ್ ಗೊತ್ತಿರುವವರು ಬೇಕು. ಓಟದ ಹೊತ್ತಿನ ಕತ್ತಲಲ್ಲೇ ಒಮ್ಮೆ ರೂಟ್ ಪೂರ್ತಿ ಓಡಿಸಿರಬೇಕು. ಹಿಂದೆ ಕೂತವರು ತಿರುವಿನ ಪಟ್ಟಿ ಹಿಡಿದು ಪ್ರತಿ ನಂಬರನ್ನೂ ಜೋರಾಗಿ ಓದಬೇಕು. ಓಟಗಾರರಿಂದ 30ರಿಂದ 50 ಮೀಟರ್ ಅಂತರ. ಕ್ಯಾಮೆರಾ, ಪ್ರಾಯೋಜಕರ ಕಾರು ಯಾವುದೂ ನಡುವೆ ಬರಕೂಡದು, ಯಾಕೆಂದರೆ ಓಟಗಾರರಿಗೆ ಕಾಣುವ ವಾಹನವೇ ಪೈಲಟ್. ಫಿನಿಶ್ ಹತ್ತಿರ ವಾಹನ ಪಕ್ಕಕ್ಕೆ ಸರಿಯುವ ಜಾಗ ಇನ್ನೊಂದು ಗುಂಡಿ. 2023ರಲ್ಲಿ ಅಟ್ಲಾಂಟಾದ ಪೀಚ್‌ಟ್ರೀ 10 ಕಿ.ಮೀ. ಓಟದಲ್ಲಿ ಮುಂದಿದ್ದ ಸೆನ್‌ಬೆರೆ ತೆಫೆರಿ ಫಿನಿಶ್ ಎದುರಿಗೆ ಬಂದ ಮೇಲೂ ಪಕ್ಕಕ್ಕೆ ತಿರುಗಿದ ಪೊಲೀಸ್ ಬೈಕ್ ಹಿಂದೆ ಹೋಗಿ ಮೂರನೆಯವರಾದರು. ಆ ಹೊರದಾರಿಯ ಬಾಯಲ್ಲಿ ಇಬ್ಬರನ್ನು ನಿಲ್ಲಿಸಿ: ವಾಹನ ದಾಟಿದ ಕೂಡಲೇ ಬ್ಯಾರಿಕೇಡ್ ಎಳೆದು ಮುಚ್ಚುವುದೊಂದೇ ಅವರ ಕೆಲಸ.

ಕಾಫಿ ತೋಟದ ಓಟದಲ್ಲಿ ಹೊಣೆ ಹಂಚಿಕೊಳ್ಳಬೇಕಾಗುತ್ತದೆ, ಪ್ರತಿ ಕವಲಿಗೂ ಒಬ್ಬರನ್ನು ನಿಲ್ಲಿಸಲಾಗದು. ವಾಚ್, ಫೋನಿಗೆ ಹಾಕಿಕೊಳ್ಳುವ ಮಾರ್ಗದ ನಕ್ಷೆ, ಜಿಪಿಎಕ್ಸ್ ಫೈಲ್ ಮೊದಲೇ ಕೊಡುತ್ತೇನೆ. ನೇರದಲ್ಲಿ 50 ಮೀಟರಿಗೊಂದು ರಿಬ್ಬನ್, ಕವಲಿನಲ್ಲಿ ಹತ್ತು ಮೀಟರಿಗೊಂದು, ಸದಾ ಒಂದೇ ಬದಿಗೆ. ಕೆಂಪು ಬೇಡ, ಹಣ್ಣಾದ ಕಾಫಿ ಗೊಂಚಲಲ್ಲಿ ಕರಗಿಹೋಗುತ್ತದೆ. ಹೊಳೆಯುವ ಗುಲಾಬಿ ಬಣ್ಣ ಒಳ್ಳೆಯದು. ದನ ಮೇಯುವ ಎತ್ತರಕ್ಕಿಂತ ಮೇಲೆ ಕಟ್ಟಬೇಕು. ತೋಟದ ರೈಟರ್‌ಗೂ ಕೆಲಸದವರಿಗೂ ಹಿಂದಿನ ದಿನವೇ ಹೇಳಿರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಬಿಚ್ಚಿಟ್ಟಿರುತ್ತಾರೆ. ಮೊದಲ ಓಟಗಾರನಿಗಿಂತ ಒಂದು ಗಂಟೆ ಮುಂಚೆ ಒಬ್ಬರು ಪೂರ್ತಿ ದಾರಿ ಓಡಿಯೇ ನೋಡಬೇಕು. ಜೀಪಿನಲ್ಲಿ ಕೂತವರಿಗೆ ಬಿದ್ದ ರಿಬ್ಬನ್ ಕಾಣುವುದಿಲ್ಲ. ಇಷ್ಟೂ ಮಾಡಿದ ಮೇಲೆ, 300 ಮೀಟರ್ ರಿಬ್ಬನ್ ಕಾಣದಿದ್ದರೂ ಮುಂದೆ ಓಡಿದವರು ತಮ್ಮ ಪಾಲನ್ನು ಹೊರಬೇಕು.

ಇಷ್ಟಾದರೂ ಜನ ತಪ್ಪಿದರೆ? ಹೋದವರ ಹಿಂದೆ ಓಡಬೇಡಿ, ಮೊದಲು ತೂತು ಮುಚ್ಚಿ. ಹತ್ತಿರದ ಮಾರ್ಷಲ್ ತಪ್ಪು ದಾರಿಯ ಬಾಯಲ್ಲಿ ನಿಂತ ಕ್ಷಣವನ್ನು ಬರೆದಿಡಿ. ಆಮೇಲೆ ಬೈಕಿನಲ್ಲಿ ಹೋಗಿ, ಹೋದವರನ್ನು ಅವರು ಮಾರ್ಗ ಬಿಟ್ಟ ಜಾಗಕ್ಕೇ ವಾಪಸ್ ಕರೆತನ್ನಿ. ಅಡ್ಡರಸ್ತೆ ಹಿಡಿಸಿ ಮುಂದೆಲ್ಲೋ ಸೇರಿಸಿದರೆ ದೂರ ಕಡಿಮೆಯಾಗಿ, ನಿಮ್ಮ ತಪ್ಪು ಅವರ ಅನರ್ಹತೆಯಾಗುತ್ತದೆ. ಕಡಿಮೆ ಬಿದ್ದ ದೂರವನ್ನು ಕೊನೆಯಲ್ಲಿ ಒಂದು ಸುತ್ತು ಹೆಚ್ಚು ಓಡಿಸಿ ಸರಿದೂಗಿಸುವ ಉಪಾಯವೂ ಬೇಡ. ಅದು ಅಳತೆಯಾದ ರೂಟ್ ಅಲ್ಲ, ಆ ಸಮಯ ಇನ್ನೊಂದು ಓಟದ ಅರ್ಹತೆಗೆ ನಿಲ್ಲುವುದಿಲ್ಲ. ಬಿಬ್ ನಂಬರ್‌ಗಳನ್ನು ಬರೆದು ಟೈಮಿಂಗ್‌ನವರಿಗೂ ರೆಫರಿಗೂ ಕಳಿಸಿ. ತಪ್ಪಿದ ದಾರಿಯಲ್ಲಿ ನೀರಿಲ್ಲ ಎಂಬುದು ನೆನಪಿರಲಿ, ಬೈಕಿನಲ್ಲಿ ಬಾಟಲಿ ಇರಲಿ. ಸ್ಟಾರ್ಟ್ ಹತ್ತಿರ ಮೊಬೈಲ್ ನೆಟ್‌ವರ್ಕ್ ಸಿಗದು, ವಾಟ್ಸಾಪ್ ಗ್ರೂಪ್ ನಂಬದೆ ಸೆಕ್ಷನ್ ಲೀಡರ್‌ಗಳಿಗೆ ವಾಕಿಟಾಕಿ ಕೊಡಿ.

ಯು ಟರ್ನ್ ಮತ್ತು ಕವಲುಗಳಲ್ಲಿ ಟೈಮಿಂಗ್ ಮ್ಯಾಟ್ (ಓಟಗಾರ ದಾಟಿದ ಸಮಯ ದಾಖಲಿಸುವ ಹಾಸು) ಇದ್ದರೆ ವಾದ ಬೇಗ ಮುಗಿಯುತ್ತದೆ. ಯಾವ ಮ್ಯಾಟಿನಲ್ಲಿ ಓಟಗಾರನ ದಾಖಲೆ ಇಲ್ಲವೋ ಆ ಜಾಗ ಅವನಿಗೆ ತಪ್ಪಿದೆ. ಫಲಿತಾಂಶ ಪ್ರಕಟವಾದ 30 ನಿಮಿಷದೊಳಗೆ ರೆಫರಿಗೆ ಪ್ರತಿಭಟನೆ ಸಲ್ಲಿಸಬಹುದು, ಅವರ ತೀರ್ಪಿನ ಮೇಲೆ ಮೇಲ್ಮನವಿ ಕೇಳುವ ಜ್ಯೂರಿಗೆ ಹೋಗಲು ಮತ್ತೆ 30 ನಿಮಿಷ. ಈ ಗಡುವು ಹೆಚ್ಚಿನ ಓಟಗಾರರಿಗೆ ಗೊತ್ತೇ ಇರುವುದಿಲ್ಲ, ಬಿಬ್ ಜೊತೆ ಕೊಡುವ ಚೀಟಿಯಲ್ಲಿ ಹಾಕಿಸುತ್ತೇನೆ. ಹಣದ ವಿಷಯದಲ್ಲಿ ಆಯೋಜಕರ ಜೊತೆ ಮೊದಲೇ ಬರಹದಲ್ಲಿ ಒಪ್ಪಂದ: ನಮ್ಮ ಪೈಲಟ್ ಅಥವಾ ಮಾರ್ಷಲ್ ತಪ್ಪು ಕಳಿಸಿದ್ದು ಖಚಿತವಾದರೆ, ಅನರ್ಹರಾದವರಿಗೂ ಅವರು ಆ ಹೊತ್ತಿಗಿದ್ದ ಸ್ಥಾನದ ಬಹುಮಾನದಷ್ಟೇ ಮೊತ್ತ, ಗೆದ್ದವರ ಬಹುಮಾನ ಮುಟ್ಟದೆ, ಉಳಿದವರಿಗೆ ಮುಂದಿನ ವರ್ಷದ ಎಂಟ್ರಿ ಉಚಿತ. ಇದಕ್ಕೆಂದು ಬಹುಮಾನದ ಮೊತ್ತದ ಹತ್ತನೇ ಒಂದು ಭಾಗ ತೆಗೆದಿಡಲು ಕೇಳುತ್ತೇನೆ. ಒಪ್ಪದ ಆಯೋಜಕರ ರೂಟ್ ಹಾಕುವ ಕೆಲಸ ತೆಗೆದುಕೊಳ್ಳುವುದಿಲ್ಲ.