ಮಾಡ್‌ಬಸ್ ಎರರ್ ಬಂದರೆ ಮೊದಲು ವೈರ್ ಕೀಳಬೇಡಿ

ಪಿಎಲ್‌ಸಿಯಿಂದ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಡ್ರೈವ್ (ಮೋಟಾರ್ ನಡೆಸುವ ಸಾಧನ), ಮೀಟರ್‌ಗಳ ಜೊತೆ ಮಾಡ್‌ಬಸ್ ಆರ್‌ಟಿಯುನಲ್ಲಿ (ಸಾಧನಗಳು ವೈರ್ ಮೇಲೆ ಮಾತಾಡುವ ಒಂದು ಭಾಷೆ) ಮಾತಾಡಿಸುವ ಗೆಳೆಯರಿಗೆ ಒಂದು ಸಲಹೆ. ಸಾಧನದಿಂದ ಎರರ್ ಕೋಡ್ ಬಂತು ಅಂದ ತಕ್ಷಣ ವೈರ್ ಕಿತ್ತು ನೋಡಬೇಡಿ. ಎರರ್ ಬಂದಿದೆ ಅಂದರೆ ಲೈನ್ ಸರಿಯಿದೆ, ಬಾಡ್ ರೇಟ್ (ಡೇಟಾ ಕಳಿಸುವ ವೇಗ) ಸರಿಯಿದೆ, ಆ ಕಡೆಯ ಸಾಧನಕ್ಕೆ ನಿಮ್ಮ ಮಾತು ಕೇಳಿಸಿದೆ. ಒಳ್ಳೆಯದೇ ಅಲ್ವಾ?

ಎರರ್ ಉತ್ತರದಲ್ಲಿ ಫಂಕ್ಷನ್ ಕೋಡ್‌ಗೆ (ಓದು, ಬರೆ ಅನ್ನುವ ಆಜ್ಞೆಯ ಸಂಖ್ಯೆ) ಹೆಕ್ಸ್ (16ರ ಎಣಿಕೆ) 80 ಸೇರಿರುತ್ತದೆ. 03 ಕೇಳಿದ್ದಕ್ಕೆ 83 ಬರುತ್ತದೆ. ಮುಂದಿನ ಬೈಟ್‌ನಲ್ಲಿ ಕಾರಣ ಇರುತ್ತದೆ. 01 ಅಂದರೆ ಆ ಫಂಕ್ಷನ್ನೇ ಇಲ್ಲ. 03 ಅಂದರೆ ಕಳಿಸಿದ ಮೌಲ್ಯ ಒಪ್ಪುವುದಿಲ್ಲ. 06 ಅಂದರೆ ಸಾಧನ ಬ್ಯುಸಿ, ತುಸು ತಡೆದು ಕೇಳಿ. ಜಾಸ್ತಿ ಕಾಡುವುದು 02, ಅಂದರೆ ರಿಜಿಸ್ಟರ್ (ಸಾಧನದೊಳಗೆ ಮೌಲ್ಯ ಇಡುವ ಜಾಗ) ಅಡ್ರೆಸ್ ತಪ್ಪು. ಮ್ಯಾನುಯಲ್‌ನಲ್ಲಿ 40001 ಅಂತಿದ್ದರೆ ಸಾಮಾನ್ಯವಾಗಿ ಲೈನ್ ಮೇಲೆ ಹೋಗಬೇಕಾದ್ದು 0 (ಮೊದಲ 4 ರಿಜಿಸ್ಟರ್‌ನ ಬಗೆ, ಉಳಿದದ್ದರ ಎಣಿಕೆ ಮ್ಯಾನುಯಲ್‌ನಲ್ಲಿ 1ರಿಂದ, ಲೈನ್ ಮೇಲೆ 0ಯಿಂದ). ಈ ಒಂದರ ವ್ಯತ್ಯಾಸಕ್ಕೆ ನಾನು ಅರ್ಧ ದಿನ ಕಳೆದಿದ್ದೇನೆ!

ಏನೂ ಉತ್ತರವೇ ಬರದಿದ್ದರೆ ಆಗ ವೈರ್, ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್‌ನ ಸೆಟ್ಟಿಂಗ್), ಸ್ಲೇವ್ ನಂಬರ್ (ಲೈನ್ ಮೇಲೆ ಆ ಸಾಧನದ ಅಡ್ರೆಸ್) ನೋಡಿ. ಸಿಆರ್‌ಸಿ (ಸಂದೇಶ ಕೆಟ್ಟಿದೆಯಾ ಅಂತ ನೋಡುವ ಸಂಖ್ಯೆ) ತಪ್ಪಿದ ಸಂದೇಶ ಬಂದರೆ ಸಾಧನ ಸುಮ್ನೆ ಇದ್ದುಬಿಡುತ್ತದೆ, ದೂರು ಹೇಳುವುದಿಲ್ಲ. ಸ್ಲೇವ್ ನಂಬರ್ 0 ಹಾಕಿ ಎಲ್ಲರಿಗೂ ಒಟ್ಟಿಗೆ ಕಳಿಸಿದರೂ ಯಾರೂ ಓಗೊಡುವುದಿಲ್ಲ. ಅದು ನಿಯಮವೇ ಹಾಗೆ.

ಇನ್ನೊಂದು ವಿಷಯ. ಫಂಕ್ಷನ್ 06ರಲ್ಲಿ ಬರೆದಾಗ ನೀವು ಕಳಿಸಿದ್ದೇ ವಾಪಸ್ ಬರುತ್ತದೆ. ಅದು ರಿಜಿಸ್ಟರ್‌ಗೆ ಬರೆದಾಯಿತು ಅನ್ನುವುದಕ್ಕೆ ಮಾತ್ರ ಸಾಕ್ಷಿ, ಮೋಟಾರ್ ತಿರುಗಿತು ಅನ್ನುವುದಕ್ಕಲ್ಲ. ಸ್ಟೇಟಸ್ ರಿಜಿಸ್ಟರ್ ಓದಿ, ಆಮೇಲೆ ಸ್ಕ್ರೀನ್ ಮೇಲೆ ಹಸಿರು ದೀಪ ಹಚ್ಚಿ.