ಮಂಡಿನೋವಿನ ಅಮ್ಮ, ಸುಪಾರಿ ಹಂತಕ ಮಗ

ನಾನು ಬರೆದ ಥ್ರಿಲ್ಲರಿನಲ್ಲಿ ಸುಪಾರಿ ಹಂತಕ ಬಿಡಿಸಿಕೊಂಡು ಬರುವುದು ಪ್ರೇಯಸಿಯನ್ನಲ್ಲ, ಅಮ್ಮನನ್ನು. ವಯಸ್ಸು 67, ಎರಡೂ ಮಂಡಿ ಸವೆದಿವೆ, ಜೊತೆಗೆ ಸಕ್ಕರೆ ಕಾಯಿಲೆ ಬೇರೆ. ಇಷ್ಟು ಗಟ್ಟಿಯಾದ ಮೇಲೆ ಕಥೆ ನನ್ನನ್ನು ಹೆಚ್ಚು ಕಾಡಲಿಲ್ಲ. ಒಂಟಿಯಾಗಿ ನುಗ್ಗಿ ಒಂಟಿಯಾಗಿ ಮಾಯವಾಗುವುದಷ್ಟೇ ಗೊತ್ತಿರುವವನು, ನಾಲ್ಕು ಮೆಟ್ಟಿಲು ಇಳಿಯಲು ಎರಡು ಸಲ ನಿಲ್ಲುವವಳನ್ನು ಕರೆದುಕೊಂಡು ಹೋಗಬೇಕು. ಅವನ ಕಸುಬು ಅಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ಹಾಗಾಗಿ ಬಿಡಿಸಿಕೊಳ್ಳುವ ದೃಶ್ಯವನ್ನು ಕೊನೆಗೆ ಇಡಲಿಲ್ಲ. ಸಕಲೇಶಪುರದ ಹತ್ತಿರದ ಕಾಫಿ ಎಸ್ಟೇಟ್ ಬಂಗಲೆಯಿಂದ ಅಮ್ಮ ಹೊರಬರುವಾಗ ಪುಸ್ತಕದ ಮೂರನೇ ಒಂದು ಭಾಗವಷ್ಟೇ ಮುಗಿದಿರುತ್ತದೆ. ಉಳಿದದ್ದೆಲ್ಲ ಘಾಟಿ ಇಳಿಯುವ ಕಥೆ.

ಘಾಟಿಯೇ ಯಾಕೆ ಅಂದರೆ, ಅಲ್ಲಿ ನಾನು ತಡೆ ಕಟ್ಟಬೇಕಾಗಿರಲಿಲ್ಲ, ಕಟ್ಟಿಯೇ ಇತ್ತು. ಮಳೆಗಾಲದಲ್ಲಿ ಶಿರಾಡಿ ರಸ್ತೆ ಕುಸಿದು ಬಂದ್ ಆಗುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ರಸ್ತೆ ಬಂದ್ ಆದರೆ ಅಮ್ಮ ಮಗನಿಗೆ ಮಂಗಳೂರು ಕಡೆ ಹೋಗುವ ರಾತ್ರಿ ರೈಲೇ ಗತಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, 57 ಸುರಂಗ, 50 ಮೀಟರಿಗೆ 1 ಮೀಟರ್ ಇಳಿಜಾರು. ಗಂಟೆಗೆ 30 ಕಿಲೋಮೀಟರಿನ ಆಸುಪಾಸಿನಲ್ಲಿ ರೈಲು ತೆವಳುತ್ತದೆ. ಅಲ್ಲಲ್ಲಿ ನಿಲ್ಲುವುದೂ ಸೇರಿದರೆ ಎರಡು ಗಂಟೆಗೆ ಕಡಿಮೆಯಿಲ್ಲ. ಸುರಂಗದಲ್ಲಿ ಮೊಬೈಲ್ ಸತ್ತಂತೆಯೇ. ಕೆಳಗಿಳಿದರೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಬೆನ್ನಟ್ಟುವವರ ಜೀಪಿಗೆ ಉಳಿದದ್ದು ಬಿಸಿಲೆ ಘಾಟಿ. ಅವರೂ ಕುಳ್ಕುಂದದ ಮೇಲೆ ಸುತ್ತಿ ನೆಟ್ಟಣಕ್ಕೆ, ಅಂದರೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ, ಬರಬೇಕು. ಯಾರು ಮೊದಲು ಎನ್ನುವ ಪಂದ್ಯ ಹೀಗೆ ತಾನಾಗಿ ಹುಟ್ಟಿತು. ತಿಂಗಳು ಮಾತ್ರ ಜೂನ್ ಎಂದು ಇಟ್ಟೆ. 2024ರ ಜುಲೈನಲ್ಲಿ ಇದೇ ಹಳಿಯ ಎಡಕುಮರಿ-ಕಡಗರವಳ್ಳಿ ಸ್ಟೇಷನ್ನುಗಳ ನಡುವೆ ಗುಡ್ಡ ಜರಿದು ರೈಲೂ ನಿಂತಿತ್ತು, ಅಷ್ಟು ಮಳೆ ನನ್ನ ಕಥೆಗೆ ಬೇಡವಾಗಿತ್ತು. ಹಳಿಯ ಮೇಲೆ ನಡೆದು ನೋಡಲು ರೈಲ್ವೆಯವರು ಬಿಡುವುದಿಲ್ಲ. ಹಗಲು ರೈಲಿನ ಕಿಟಕಿ ಪಕ್ಕ ಕೂತು, ಯಾವ ಸುರಂಗ ಎಷ್ಟು ಹೊತ್ತು ಕತ್ತಲು ಅಂತ ಬರೆದುಕೊಂಡೆ.

ಆಯುಧದ ಮೇಲೆ ಪುಟ ಹಾಳು ಮಾಡಲಿಲ್ಲ. ಸೈಲೆನ್ಸರ್ ಹಾಕಿದರೆ ಪಿಸ್ತೂಲು ‘ಫುಟ್’ ಅನ್ನುವುದು ಸಿನಿಮಾದಲ್ಲಿ. 150 ಡೆಸಿಬಲ್ ಮೀರಿದ ಸದ್ದಿನಿಂದ ಅದು ಇಪ್ಪತ್ತು ಮೂವತ್ತು ಇಳಿಸಬಹುದು, ಆದರೂ ಬೋಗಿಯಲ್ಲಿ ಮಲಗಿದವರೆಲ್ಲ ಎದ್ದು ಕೂರುತ್ತಾರೆ. ನನ್ನವನ ಕೈಗೆ ಕೊಟ್ಟದ್ದು ಬಂಗಲೆಯಲ್ಲಿ ಸಿಕ್ಕ .32 ರಿವಾಲ್ವರ್, ಆರೇ ಗುಂಡು. ಹಾರಿದ ಗುಂಡನ್ನೆಲ್ಲ ಹಸ್ತಪ್ರತಿಯ ಅಂಚಿನಲ್ಲಿ ಗೀಟು ಹಾಕಿ ಎಣಿಸುತ್ತಾ ಹೋದೆ.

ಇಡೀ ಪುಸ್ತಕದಲ್ಲಿ ನನಗೆ ಇಷ್ಟವಾದ ಅಧ್ಯಾಯದಲ್ಲಿ ಒಂದು ಗುಂಡೂ ಹಾರುವುದಿಲ್ಲ. ಅಮ್ಮ ದಿನಾ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ನುಂಗುವವಳು. ಅಪಹರಿಸಿದವರು ಮಾತ್ರೆ ಮರೆಯದೆ ಕೊಟ್ಟಿದ್ದಾರೆ, ಊಟ ಕೊಟ್ಟಿಲ್ಲ. ಹೊಟ್ಟೆ ಖಾಲಿಯಿದ್ದು ಆ ಮಾತ್ರೆ ನುಂಗಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ಕೈ ನಡುಕ, ಆಮೇಲೆ ತೊದಲು. ರೈಲು ದೋಣಿಗಲ್ ದಾಟುವಾಗ ಅವಳು ಮಗನನ್ನು ಸತ್ತ ಗಂಡನ ಹೆಸರಿನಿಂದ ಕೂಗುತ್ತಾಳೆ. ಅವಳಿಗೆ ಬೇಕಾದ್ದು ಮೂರು ಚಮಚ ಸಕ್ಕರೆ. ನಡುರಾತ್ರಿ, ಚಹಾದವನೂ ಇಲ್ಲ. ಜನ್ಮದಲ್ಲಿ ಯಾರಿಗೂ ಮುಖ ತೋರಿಸದೆ ಬದುಕಿದವನು ಬೋಗಿಯಿಂದ ಬೋಗಿಗೆ ಹೋಗಿ, ಮಲಗಿದವರನ್ನು ಎಬ್ಬಿಸಿ ಬೇಡಬೇಕು. ಪ್ರತಿಯೊಬ್ಬರೂ ಲೈಟ್ ಹಾಕಿ ಅವನ ಮುಖ ನೋಡುತ್ತಾರೆ. ಕೊನೆಗೆ ಒಬ್ಬ ತಾಯಿ ಮಗುವಿನ ಮಾವಿನ ಜ್ಯೂಸ್ ಪ್ಯಾಕೆಟ್ ಕೊಡುತ್ತಾಳೆ. ಹೊಡೆದಾಟದ ಅಧ್ಯಾಯಗಳನ್ನು ಸರಸರ ಬರೆದು ಮುಗಿಸಿದವನು ನಾನು. ಇದನ್ನು ಮಾತ್ರ ಬಿಡಿಸಿ ಬಿಡಿಸಿ ಬರೆದೆ.

ಜ್ಯೂಸ್ ಕುಡಿದು ಚೇತರಿಸಿಕೊಂಡ ಮೇಲಿನ ಮಾತುಕತೆ ಹೀಗಿದೆ:

“ಬಾಂಬೇಲಿ ಹೋಟ್ಲು ಮ್ಯಾನೇಜರ್ರು ಅಂದಿದ್ದೆ?”

“ಅಮ್ಮಾ, ಸ್ವಲ್ಪ ಒರಗ್ಕೊ.”

“ಆ ಬಂಗ್ಲೇಲಿ ಬಿದ್ದಿದ್ನಲ್ಲ, ಅವ್ನಿಗೆ ಇಪ್ಪತ್ತೂ ಆಗಿರ್ಲಿಲ್ಲ ಕಣೋ. ರಾತ್ರಿ ನಂಗೆ ಕಂಬ್ಳಿ ತಂದ್ಕೊಟ್ಟಿದ್ದ.” ಸ್ವಲ್ಪ ಹೊತ್ತು ಬಿಟ್ಟು, “ಇಲ್ಲೀತನಕ ಎಷ್ಟು ಜನ?”

ಮಗ ಕಿಟಕಿ ಇಳಿಸುತ್ತಾನೆ, ಮಳೆ ಎರಚಲು ಹೊಡೀತಿದೆ ಅನ್ನುತ್ತಾನೆ. ಆ ಹುಡುಗನ ಕಂಬಳಿಯನ್ನು ಬಂಗಲೆಯ ದೃಶ್ಯ ಬರೆಯುವಾಗಲೇ ಒಂದು ವಾಕ್ಯದಲ್ಲಿ ಇಟ್ಟಿದ್ದೆ. ಸಾಯುವವನಿಗೆ ಅಷ್ಟಾದರೂ ಇರಲಿ ಎನ್ನುವುದು ನನ್ನ ಹಟ. ಹೆಣ ಎಣಿಸುತ್ತಾ ಹೋಗುವ ಕಾದಂಬರಿ ಓದುಗನಿಗೆ ಐವತ್ತನೇ ಪುಟಕ್ಕೇ ಸಾಕಾಗುತ್ತದೆ.

ಖಳನ ಬಗ್ಗೆ ಹೇಳುವುದು ಕಡಿಮೆ. ಮರಳು ದಂಧೆಯವನು, ದುಡ್ಡಿದೆ, ಆತುರವಿದೆ. ಅವನಿಗೊಂದು ಕಣ್ಣೀರಿನ ಬಾಲ್ಯ ಬರೆಯುವ ಗೋಜಿಗೆ ಹೋಗಲಿಲ್ಲ.

ಕೊನೆಗೆ ನೆಟ್ಟಣದಲ್ಲಿ ರೈಲಿನಿಂದ ಇಳಿದ ಅಮ್ಮ, ರೈಲ್ವೆ ಪೊಲೀಸರ ಮುಂದೆ ಮಗನ ನಿಜವಾದ ಹೆಸರು, ಊರು, ಅವನ ಅಪ್ಪನ ಹೆಸರು ಎಲ್ಲ ಹೇಳಿಬಿಡುತ್ತಾಳೆ. ಕರಡು ಓದಿದ ಗೆಳೆಯನಿಗೆ ಸಿಟ್ಟು ಬಂತು. “ಇಷ್ಟೆಲ್ಲ ಮಾಡಿದ್ದು ಇದಕ್ಕಾ? ಪರಾರಿಯಾದ ಅಂತ ಬರಿ, ಎರಡನೇ ಭಾಗಕ್ಕೂ ದಾರಿ ಆಗತ್ತೆ” ಅಂದ. ಎರಡನೇ ಭಾಗದ ಆಸೆ ನನಗೂ ಇತ್ತು, ಸುಳ್ಳು ಯಾಕೆ. ಆದರೆ ರೈಲಿನಲ್ಲಿ ಅವಳು ಕೇಳಿದ ಪ್ರಶ್ನೆಗೆ ಮಗ ಉತ್ತರ ಕೊಟ್ಟಿರಲಿಲ್ಲ. ಅಂಥವಳು ಸುಮ್ಮನೆ ಕೈ ಹಿಡಿದು ಮಂಗಳೂರಿಗೆ ಹೊರಟಳು ಎಂದು ಬರೆಯಲು ನನ್ನಿಂದ ಆಗಲಿಲ್ಲ. ಅಧ್ಯಾಯವನ್ನು ಹಾಗೆಯೇ ಪ್ರಕಾಶಕರಿಗೆ ಕಳಿಸಿದೆ.