ಗೋಸುಂಬೆ ಮರಿಗೆ ನೀರು ಕುಡಿಸಿದ ಬಗೆ

ಬಳ್ಳಾರಿ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಒಂಚೂರೂ ತೇವ ಇರುವುದಿಲ್ಲ. ನಾನು ಸಾಕಿದ ವೇಲ್ಡ್ ಕಮೀಲಿಯನ್ (ಹೊರದೇಶದ ಒಂದು ಜಾತಿಯ ಗೋಸುಂಬೆ) ಮರಿಯ ಕಣ್ಣು ಒಳಗೆ ಹೋಗಿತ್ತು. ಹಿಕ್ಕೆಯ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮೈಯಲ್ಲಿ ನೀರು ಕಡಿಮೆಯಾದರೆ ಹೀಗಾಗುತ್ತದೆ.

ಗೋಸುಂಬೆಗಳು ಬಟ್ಟಲಲ್ಲಿ ನಿಂತ ನೀರನ್ನು ಸಾಮಾನ್ಯವಾಗಿ ಕುಡಿಯುವುದಿಲ್ಲ, ಎಲೆ ಮೇಲೆ ಹನಿ ಹೊಳೆಯಬೇಕು. ಅದಕ್ಕೆ ಮೆಡಿಕಲ್ ಶಾಪಿನಿಂದ ಗ್ಲೂಕೋಸ್ ಹಾಕುವ ಹೊಸ ಡ್ರಿಪ್ ಸೆಟ್ ತಂದೆ, ಸೂಜಿ ತೆಗೆದು ನೀರಿನ ಬಾಟಲಿಗೆ ಸಿಕ್ಕಿಸಿ ಪಂಜರದ ಮೇಲೆ ತೂಗುಹಾಕಿ, ಒಂದೊಂದೇ ಹನಿ ದಾಸವಾಳದ ಎಲೆ ಮೇಲೆ ಬೀಳುವಂತೆ ಚಕ್ರ ತಿರುಗಿಸಿದೆ. ಮರಿ ಒಂದು ಕಣ್ಣು ಹನಿಯ ಕಡೆ, ಇನ್ನೊಂದು ನನ್ನ ಕಡೆ ತಿರುಗಿಸಿ ಸುಮಾರು ಹೊತ್ತು ಕೂತಿತ್ತು. ಆಮೇಲೆ ನಿಧಾನವಾಗಿ ಬಂದು ಎಲೆ ತುದಿಗೆ ಬಾಯಿಟ್ಟು, ಗಂಟಲು ಆಡಿಸುತ್ತಾ ಕುಡಿದೇ ಕುಡಿಯಿತು. ನನಗೆ ಕಣ್ಣಲ್ಲಿ ನೀರು ಬಂತು, ನಿಜ.

ಈಗ ಬೆಳಗ್ಗೆ, ಸಂಜೆ ಎಲೆಗಳಿಗೆ ಸ್ಪ್ರೇ ಮಾಡುತ್ತೇನೆ. ನೀರು ಕೆಳಗೆ ನಿಲ್ಲದಂತೆ ಟ್ರೇ ಇದೆ. ಮರಿ ಬಹಳ ಬೇಗ ಬಿಸಿಯಾಗುತ್ತದೆ, ಹಾಗಾಗಿ ಕೋಣೆ ಕಾದ ದಿನ ಬಿಸಿಯ ಬಲ್ಬ್ ಹಾಕುವುದೇ ಇಲ್ಲ, ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ಯುವಿಬಿ ಟ್ಯೂಬ್ ಮಾತ್ರ ಹಗಲಿಡೀ ಉರಿಯುತ್ತದೆ. ಕೂಲರ್ ಗಾಳಿ ನೇರವಾಗಿ ತಾಗಬಾರದು. ತಿನ್ನಲು ಸಣ್ಣ ಕ್ರಿಕೆಟ್ ಹುಳ, ಮರಿಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದು ಬೇಡ, ಮೇಲೆ ಕ್ಯಾಲ್ಸಿಯಂ ಪುಡಿ.

ಇನ್ನೊಂದು ಮಾತು. ಇದು ಯೆಮೆನ್, ಸೌದಿ ಕಡೆಯ ಜಾತಿ. ನಮ್ಮ ಹೊಲದ ಬೇಲಿಯಲ್ಲಿ ಸಿಗುವ ಗೋಸುಂಬೆಯನ್ನು ಮಾತ್ರ ದಯವಿಟ್ಟು ಹಿಡಿಯಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.